ಕಪ್ಪು ಅಂಗಿಯ ಉದ್ಯಮಿ

ಮನುಷ್ಯ ದೊಡ್ಡವನಾಗಬೇಕೆಂದು ಹೊರಟರೆ ತೊಂದರೆಯಿಲ್ಲ. ಹೇಗೆ ದೊಡ್ಡವನಾಗಬೇಕೆಂದು ಇನ್ನೊಬ್ಬರನ್ನು ಕೇಳಲು ಹೋದಾಗ ತೊಂದರೆ ಶುರುವಾಗುತ್ತದೆ. ನಮ್ಮ ಪಂಪಾಪತಿ ಕೇಳಲು ಹೋದ, ಅದೂ ಫೀಸು ಕಟ್ಟಿ.

ಪಂಪಾಪತಿ ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್ಲಿನವನು. ಎಂಜಿನಿಯರಿಂಗ್ ಓದಿ, ರಾಯಚೂರಿನ ತೀನ್ ಕಂದೀಲ್ ಹತ್ತಿರ ಅಲ್ತಾಫನ ಜೆರಾಕ್ಸ್ ಅಂಗಡಿಯ ಮೇಲಿನ ಖೋಲಿ ಹಿಡಿದು, ಅದಕ್ಕೆ ಕಂಪನಿ ಎಂದು ಬೋರ್ಡು ಹಾಕಿದ್ದ. ಕಂಪನಿಯಲ್ಲಿ ಒಂದು ಕಂಪ್ಯೂಟರು, ಒಂದು ಫ್ಯಾನು ಮತ್ತು ಪಂಪಾಪತಿ ಇದ್ದರು. ಮೂವರಲ್ಲಿ ದಿನವಿಡೀ ಕೆಲಸವಿದ್ದದ್ದು ಫ್ಯಾನಿಗೆ ಮಾತ್ರ.

ಅವನು ಮಾಡಿದ ಆಪ್ ಕೆಟ್ಟದ್ದೇನಲ್ಲ. ಸುಗ್ಗಿಯಲ್ಲಿ ಭತ್ತದ ಟ್ರ್ಯಾಕ್ಟರುಗಳು ರೈಸ್ ಮಿಲ್ಲಿನ ಮುಂದೆ ಸಾಲುಗಟ್ಟಿ ನಿಂತು, ಯಾರು ಮೊದಲು ಬಂದವರು ಎಂದು ರೈತರು ಕೊರಳಪಟ್ಟಿ ಹಿಡಿದುಕೊಳ್ಳುತ್ತಾರಲ್ಲ, ಆ ಜಗಳಕ್ಕೆ ಔಷಧಿಯಾಗಿ ಮಾಡಿದ್ದು. ರೈತ ಮನೆಯಲ್ಲೇ ಕೂತು ಫೋನಿನಲ್ಲಿ ತನ್ನ ಪಾಳಿ ನೋಡಿಕೊಂಡು ಹೊತ್ತಿಗೆ ಸರಿಯಾಗಿ ಗಾಡಿ ತಂದರಾಯಿತು. ಅದಕ್ಕೆ ‘ಪಾಳಿ’ ಎಂದೇ ಹೆಸರಿಟ್ಟಿದ್ದ. ಎಲ್ಲ ಸರಿಯಿತ್ತು, ಕೊಳ್ಳುವವರಿರಲಿಲ್ಲ ಅಷ್ಟೇ.

ಮಾನ್ವಿಯ ವಿರೂಪಣ್ಣ ಸಾಹುಕಾರರು ಒಮ್ಮೆ ಹೂಂ ಎಂದರೆ ಸುತ್ತಲಿನ ಮಿಲ್ಲಿನವರೆಲ್ಲ ಹೂಂಗುಟ್ಟುತ್ತಿದ್ದರು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಮಿಲ್ಲಿನ ಗೇಟಿನಲ್ಲಿ ಕೂತ ಕಾವಲುಗಾರ ಪಂಪಾಪತಿಯನ್ನು ಕಂಡೊಡನೆ “ಸಾವ್ಕಾರ್ರು ಊಟಕ್ಕ ಕುಂತಾರ” ಎನ್ನುತ್ತಿದ್ದ. ಬೆಳಿಗ್ಗೆ ಹೋದರೂ ಊಟ, ಸಂಜೆ ಹೋದರೂ ಊಟ. ಇಷ್ಟು ಉಣ್ಣುವ ಮನುಷ್ಯ ಎಷ್ಟು ದಪ್ಪಗಿರಬಹುದೆಂದು ಪಂಪಾಪತಿ ಬರೀ ಊಹಿಸಿಕೊಂಡು ಬಸ್ಸು ಹತ್ತುತ್ತಿದ್ದ.

ಇದನ್ನೆಲ್ಲ ದೇವದುರ್ಗದಲ್ಲಿ ಕೂತು ನೋಡುತ್ತಿದ್ದ ಅವನ ಮಾವ ಕೊಟ್ರೇಶಪ್ಪನಿಗೆ ತಾಳ್ಮೆ ತಪ್ಪಿತು. ಆತನಿಗೆ ಅಲ್ಲಿನ ಬಸ್ ಸ್ಟ್ಯಾಂಡಿನ ಎದುರಿಗೆ ಗೊಬ್ಬರದ ಅಂಗಡಿ. ದೀಪಾವಳಿಗೆ ಬಂದ ಅಳಿಯನನ್ನು ಯೂರಿಯಾ ಚೀಲದ ಮೇಲೆ ಕೂರಿಸಿ ತೀರ್ಪು ಕೊಟ್ಟ.

“ಸಂಕ್ರಾಂತಿ ತನಕ ನೋಡ್ತೀನಿ ನೋಡಪಾ. ಒಬ್ಬೇ ಒಬ್ಬ ಗಿರಾಕಿ ತೋರ್ಸು. ಇಲ್ಲಂದ್ರ ಆ ಬೋರ್ಡು ಕಿತ್ತಿಟ್ಟು ಇಲ್ಲಿ ಗಲ್ಲಾದ ಮ್ಯಾಲ ಬಂದು ಕುಂದ್ರು. ಫ್ಯಾನಿನ ಗಾಳಿ ಕುಡದು ನನ್ನ ಮಗಳು ಎಷ್ಟು ದಿನ ಬದುಕ್ಯಾಳು?”

ಪಂಪಾಪತಿಗೆ ಮಾವನ ಮುಂದೆ ನಾಲಿಗೆ ಹೊರಳುತ್ತಿರಲಿಲ್ಲ. ತಲೆಯಾಡಿಸಿ ಬಂದ. ಬಂದವನಿಗೆ ನಿದ್ದೆ ಹತ್ತಲಿಲ್ಲ. ಅವನಿಗೆ ಆ ಖೋಲಿ, ಆ ಬೋರ್ಡು, ಆ ಆಪ್ ಬಿಟ್ಟು ಬೇರೆ ಏನೂ ಬೇಡವಾಗಿತ್ತು.

ಅಂಥ ಹೊತ್ತಿನಲ್ಲಿ ಸ್ಟೇಷನ್ ರಸ್ತೆಯ ಲಾಡ್ಜೊಂದರ ಹಾಲಿನಲ್ಲಿ ‘ಉದ್ಯಮ, ವ್ಯಕ್ತಿತ್ವ ವಿಕಸನ ಮತ್ತು ಸಂಬಂಧಗಳು’ ಎಂಬ ಶಿಬಿರ ನಡೆಯಿತು. ಹೈದರಾಬಾದಿನಿಂದ ಬಂದ ತರಬೇತುದಾರ ಕಿವಿಗೆ ಮೈಕು ಸಿಕ್ಕಿಸಿಕೊಂಡು, ಹಾಲಿನ ಈ ತುದಿಯಿಂದ ಆ ತುದಿಗೆ ಓಡಾಡುತ್ತ ಮಾತಾಡಿದ. ಆಪ್ ಮಾರಲು ಹೋಗಬೇಡಿ, ಸಂಬಂಧ ಬೆಳೆಸಿರಿ. ಮೊದಲ ಭೇಟಿಯಲ್ಲೇ ವ್ಯಾಪಾರದ ಮಾತೆತ್ತಿದವನು ಕೆಟ್ಟ ಎಂದ. ಬೆಳಗಿನ ನಾಲ್ಕಕ್ಕೆ ಎದ್ದು ತಣ್ಣೀರು ಸುರಿದುಕೊಳ್ಳಿ, ಬರಿಗಾಲಲ್ಲಿ ನಡೆಯಿರಿ, ಭೂಮಿಯ ಶಕ್ತಿ ಮಿದುಳಿಗೆ ಏರುತ್ತದೆ ಎಂದ. ಜಗತ್ತಿನ ದೊಡ್ಡ ದೊಡ್ಡ ಕಂಪನಿ ಕಟ್ಟಿದವರು ದಿನಾ ಒಂದೇ ಬಣ್ಣದ ಅಂಗಿ ಹಾಕುತ್ತಾರೆ, ಅದೂ ಕಪ್ಪು, ಯಾವ ಅಂಗಿ ಹಾಕಲಿ ಎಂದು ಯೋಚಿಸಿ ಬುದ್ಧಿ ಸವೆಸುವುದಿಲ್ಲ ಎಂದ. ಕೊನೆಗೆ ಎರಡೂ ಕೈ ಮೇಲೆತ್ತಿ, “ನೀವು ಬದಲಾದ ದಿನ ಜಗತ್ತೇ ನಿಮ್ಮ ಮುಂದೆ ಬಾಗುತ್ತದೆ” ಎಂದ. ಊಟದ ಗಂಟೆ ಹೊಡೆಯಿತು. ಉಳಿದವರು ಅನ್ನ ಸಾರಿನಲ್ಲಿ ಎಲ್ಲವನ್ನೂ ಮರೆತರು, ಪಂಪಾಪತಿ ಮರೆಯಲಿಲ್ಲ.

ಸಂಜೆಗೇ ಬಟ್ಟೆ ಅಂಗಡಿಗೆ ಹೋದ.

“ಕರಿ ಅಂಗಿ ಬೇಕಾಗಿತ್ರಿ.”

ಅಂಗಡಿಯವನು ಗಾದಿಯಿಂದ ಎದ್ದು ನಿಂತ. “ಬರ್ರಿ, ಬರ್ರಿ. ಇದೇ ಮೊದಲನೇ ಸಲ ಏನ್ರಿ?”

“ಹೌದ್ರಿ. ಇವತ್ತೇ ಮನಸು ಗಟ್ಟಿ ಮಾಡೀನಿ.”

“ಭಾಳ ಚಲೋ ಆತು. ಆದ್ರ ಬರೇ ಅಂಗಿ ಬರಂಗಿಲ್ರಿ. ಅಂಗಿ, ಲುಂಗಿ, ಟವೆಲ್ಲು ಕೂಡೇ ಸೆಟ್ ಬರ್ತದ.”

ರೇಟು ತಾನಾಗಿಯೇ ಇಳಿಸಿದ. ಬಾಗಿಲ ತನಕ ಬಂದು ಕೈ ಮುಗಿದ. ಬರೀ ಮನಸ್ಸು ಮಾಡಿದ್ದಕ್ಕೇ ಜಗತ್ತು ಇಷ್ಟು ಬಾಗಿದರೆ, ಬದಲಾದ ಮೇಲೆ ಹೇಗೆ ಎಂದು ಪಂಪಾಪತಿಗೆ ಎದೆ ಉಬ್ಬಿತು.

ಜಾಣ ಓದುಗರಿಗೆ ಇಷ್ಟೊತ್ತಿಗೆ ಗೊತ್ತಾಗಿರುತ್ತದೆ. ನಮ್ಮ ರಾಯಚೂರು ಸೀಮೆಯಲ್ಲಿ ಕಾರ್ತಿಕದಿಂದ ಸಂಕ್ರಾಂತಿಯವರೆಗೆ ಕಪ್ಪು ಬಟ್ಟೆ ಉಟ್ಟು, ಗಡ್ಡ ಬಿಟ್ಟು, ಬರಿಗಾಲಲ್ಲಿ ಓಡಾಡುತ್ತ, ಕೋಳಿ ಕೂಗುವ ಮೊದಲೇ ತಣ್ಣೀರು ಮೈಗೆ ಹೊಯ್ದುಕೊಳ್ಳುವವರು ಯಾರೆಂದು ಕೇಳಿದರೆ ಬಾಲವಾಡಿಯ ಕೂಸೂ ಹೇಳುತ್ತದೆ. ಅವರು ಅಯ್ಯಪ್ಪನ ಮಾಲೆ ಹಾಕಿ ಶಬರಿಮಲೆಗೆ ಹೊರಟವರು. ವ್ರತ ಮುಗಿಯುವ ತನಕ ಅವರಿಗೆ ಹೆಸರಿಲ್ಲ, ಎಲ್ಲರೂ ಸ್ವಾಮಿಗಳೇ. ಹಿರಿಯರೂ ಅವರ ಕಾಲಿಗೆ ಬೀಳುತ್ತಾರೆ. ಇದು ಪಂಪಾಪತಿಗೂ ಗೊತ್ತಿತ್ತು. ಬೀದಿಯಲ್ಲಿ ಅಂಥವರು ಎದುರಾದರೆ ತಾನೇ ದಾರಿ ಬಿಡುತ್ತಿದ್ದ. ಕೊಟ್ಟ ರೊಕ್ಕ ದಂಡವಾಗಬಾರದೆಂದು ಸೆಟ್ಟಿನ ಲುಂಗಿಯನ್ನೂ ಉಟ್ಟದ್ದು, ಗಡ್ಡ ಹೆರೆಯುವ ಹೊತ್ತೂ ಉಳಿಯಲಿ ಎಂದು ತಾನೂ ಗಡ್ಡ ಬಿಟ್ಟದ್ದು, ಚಿಕ್ಕಂದಿನಲ್ಲಿ ಅವ್ವ ಕಟ್ಟಿದ ರುದ್ರಾಕ್ಷಿ ಸರ ತನ್ನ ಕೊರಳಲ್ಲೂ ಇರುವುದು, ಇವೆಲ್ಲ ಸೇರಿ ತಾನು ಏನಾಗಿ ಕಾಣುತ್ತೇನೆ ಎಂಬುದು ಮಾತ್ರ ಅವನಿಗೆ ಹೊಳೆಯಲಿಲ್ಲ. ತನ್ನ ಬೆನ್ನು ತನಗೆ ಕಾಣುವುದಿಲ್ಲ, ಪಾಪ.

ಗಡ್ಡ ತಕ್ಕಮಟ್ಟಿಗೆ ಬೆಳೆದ ಮೇಲೆ ಒಂದು ದಿನ ಆಫೀಸಿಗೆ ಹೋದಾಗ, ಕೆಳಗಿನ ಅಲ್ತಾಫ್ ಸೇದುತ್ತಿದ್ದ ಬೀಡಿಯನ್ನು ಗೋಡೆಗೆ ಒತ್ತಿ ಆರಿಸಿದ. ಹೋದ ವರ್ಷದಿಂದ ಇಬ್ಬರೂ ಒಂದೇ ಕಪ್ಪಿನ ಚಹಾವನ್ನು ಬಸಿಯಲ್ಲಿ ಹಂಚಿಕೊಂಡು ಕುಡಿದವರು. ಆ ದಿನ ಅಲ್ತಾಫ್ ಹೊಸ ಸ್ಟೀಲಿನ ಲೋಟ ತೊಳೆದು ಅದರಲ್ಲಿ ಹಾಲು ತಂದಿಟ್ಟ.

“ಇದ್ಯಾಕೋ ಅಲ್ತಾಫ್?”

“ಇರ್ಲಿ ತಗೋರಿ. ನಿಮ್ಮ ಸಲುವಾಗೇ ಬ್ಯಾರೆ ಲೋಟ ತಂದೀನಿ, ಯಾರೂ ಮುಟ್ಟಿಲ್ಲ.”

ನಿನ್ನೆಯವರೆಗೆ “ಲೇ ಪಂಪ್ಯಾ” ಎನ್ನುತ್ತಿದ್ದವನು “ರೀ” ಹಚ್ಚಿ ಮಾತಾಡಿದ. “ಎಷ್ಟನೇ ವರ್ಷ ಇದು?” ಎಂದು ಮೆಲ್ಲಗೆ ಕೇಳಿದ.

ಕಂಪನಿ ತೆಗೆದದ್ದು ಹೋದ ವರ್ಷವಾದರೂ ಬದಲಾದ ಮೇಲಿನ ಲೆಕ್ಕವೇ ಬೇರೆ ಎಂದುಕೊಂಡು ಪಂಪಾಪತಿ, “ಮೊದಲನೇ ವರ್ಷ ಅಂತ ತಿಳಕೋ” ಎಂದ.

“ಮೊದಲನೇ ವರ್ಷ ಭಾಳ ಕಠಿಣ ಅಂತಾರ.”

“ಅದು ಖರೇ. ನೂರರಾಗ ತೊಂಬತ್ತು ಮಂದಿ ಮೊದಲನೇ ವರ್ಷನ ಬಿಟ್ಟು ಓಡಿಹೋಗ್ತಾರಂತ.”

“ಓಡಿ ಹೋಗ್ತಾರ?” ಅಲ್ತಾಫನಿಗೆ ಗಾಬರಿಯಾಯಿತು. ಶಬರಿಮಲೆಯ ದಾರಿ ಇಷ್ಟು ಕಷ್ಟವೆಂದು ಅವನಿಗೆ ಗೊತ್ತಿರಲಿಲ್ಲ. “ನೀವು ಓಡಬ್ಯಾಡ್ರಿ. ನಾವು ಅದೀವಿ” ಎಂದು ಧೈರ್ಯ ಹೇಳಿದ.

ಅದೇ ವಾರ ಪಂಪಾಪತಿ ಮಾನ್ವಿ ಬಸ್ಸು ಹತ್ತಿದ. ನಿಂತವರ ನಡುವೆ ಕಂಡಕ್ಟರು ದಾರಿ ಮಾಡಿ, ಕಿಟಕಿಯ ಪಕ್ಕದಲ್ಲಿ ಕೂತವನನ್ನು ಎಬ್ಬಿಸಿ, “ಇಲ್ಲಿ ಕುಂದರ್ರಿ ಸ್ವಾಮಿ” ಎಂದ. ಒಬ್ಬ ಮುದುಕಿ ತನ್ನ ಒಣಮೀನಿನ ಬುಟ್ಟಿಯನ್ನು ಎತ್ತಿಕೊಂಡು ಹಿಂದಿನ ಸೀಟಿಗೆ ಹೋದಳು. ಪಂಪಾಪತಿ ಎಲ್ಲರಿಗೂ ನಮಸ್ಕಾರ ಮಾಡಿದ. ಬಸ್ಸಿಗೆ ಬಸ್ಸೇ ಕೈ ಮುಗಿಯಿತು. ಎಲ್ಲರ ಮನೆಮಂದಿಯ ಕ್ಷೇಮ ವಿಚಾರಿಸಬೇಕೆಂದು ಶಿಬಿರದಲ್ಲಿ ಹೇಳಿದ್ದು ನೆನಪಾಗಿ, ಮಾನ್ವಿ ಬರುವವರೆಗೆ ಅಕ್ಕಪಕ್ಕದವರ ಮಕ್ಕಳು ಮರಿ ಎಮ್ಮೆ ಆಕಳು ಎಲ್ಲವನ್ನೂ ಕೇಳಿದ. ಇಳಿಯುವಾಗ ಇಬ್ಬರು ತಮ್ಮ ಕೂಸುಗಳ ತಲೆಯ ಮೇಲೆ ಅವನ ಕೈ ಇಡಿಸಿಕೊಂಡರು.

ಮಿಲ್ಲಿನ ಕಾವಲುಗಾರ ಇವನನ್ನು ಕಂಡು ಎದ್ದ. ಪಂಪಾಪತಿ ಊಟದ ಸುದ್ದಿ ಕೇಳಲು ಸಿದ್ಧನಾದ. ಆದರೆ ಕಾವಲುಗಾರ ಚಪ್ಪಲಿ ಬಿಟ್ಟು, ಗೇಟಿನ ಎರಡೂ ಬಾಗಿಲು ತೆಗೆದು, “ಬರ್ರಿ ಸ್ವಾಮಿ” ಎಂದ. ಒಳಗಿನಿಂದ ವಿರೂಪಣ್ಣ ಸಾಹುಕಾರರು ತಾವೇ ಬಂದರು. ದಪ್ಪಗಿರಲಿಲ್ಲ, ಬಿದಿರು ಕಡ್ಡಿಯ ಹಾಗಿದ್ದರು. ಬಂದವರು ತಾಮ್ರದ ತಂಬಿಗೆ ತರಿಸಿ ಪಂಪಾಪತಿಯ ಕಾಲು ತೊಳೆದರು, ಅದೂ ಹಮಾಲರು, ರೈತರು, ಲಾರಿ ಡ್ರೈವರುಗಳು ಎಲ್ಲರ ಮುಂದೆ.

“ಶರಣ್ರಿ ಸ್ವಾಮಿ” ಎಂದು ಬಾಗಿದರು.

“ಶರಣು ಶರಣಾರ್ಥಿ” ಎಂದ ಪಂಪಾಪತಿ. ನಮ್ಮ ಕಡೆ ಮನೆಗೆ ಬಂದವರಿಗೆ, ಬೀಗರಿಗೆ, ಬ್ಯಾಂಕಿನ ಮ್ಯಾನೇಜರಿಗೆ ಎಲ್ಲರಿಗೂ ಹೇಳುವುದು ಇದನ್ನೇ. ಅನುಮಾನಕ್ಕೆ ಆಸ್ಪದವೇ ಇರಲಿಲ್ಲ. ಆದರೂ ಕಾಲು ತೊಳೆದದ್ದು ಸ್ವಲ್ಪ ಅತಿಯಾಯಿತೆಂದು ಅವನಿಗೆ ಅನಿಸಿತು. ತರಬೇತುದಾರ ಬಾಗುತ್ತಾರೆ ಎಂದಿದ್ದನೇ ಹೊರತು ನೀರಿನ ವಿಷಯ ಹೇಳಿರಲಿಲ್ಲ.

ಬಾಳೆಹಣ್ಣು, ಹಾಲು ಬಂದವು. ಸಾಹುಕಾರರು ನೆಲದ ಮೇಲೆ ಕೂತು, ಪಂಪಾಪತಿಯನ್ನು ಕುರ್ಚಿಯ ಮೇಲೆ ಕೂರಿಸಿ, ಮನಸ್ಸಿನ ಭಾರ ಇಳಿಸಿದರು.

“ಎಲ್ಲಾ ಅದರಿ ಸ್ವಾಮಿ, ನೆಮ್ಮದಿ ಒಂದಿಲ್ಲ. ಗೇಟಿನ ಮುಂದ ದಿನಾ ಬೆಳಗಾದ್ರ ಹೊಡದಾಟ. ನಾ ಮೊದಲು, ನೀ ಮೊದಲು. ನಿನ್ನಿ ಒಬ್ಬನ ತಲಿ ಒಡೀತು. ಇದಕ್ಕೇನರ ಒಂದು ದಾರಿ ತೋರಸ್ರಿ.”

ಪಂಪಾಪತಿಯ ಬಾಯಿಗೆ ಆಪ್ ಬಂದೇಬಿಟ್ಟಿತು. ಮೊದಲ ಭೇಟಿಯಲ್ಲಿ ವ್ಯಾಪಾರ ಎತ್ತಿದವನು ಕೆಟ್ಟ ಎಂಬ ಮಾತೂ ಅದರ ಹಿಂದೆಯೇ ಬಂತು. ಅವನು ಆಪನ್ನು ಬಾಳೆಹಣ್ಣಿನ ಜೊತೆ ನುಂಗಿ, “ದಾರಿ ಅದರಿ. ಇನ್ನೊಮ್ಮೆ ಬಂದಾಗ ಹೇಳ್ತೀನಿ” ಎಂದ. ಸಾಹುಕಾರರು ಇದನ್ನು ಅಭಯವೆಂದು ತಿಳಿದು ಕಣ್ಣೊರೆಸಿಕೊಂಡರು.

ಎರಡನೇ ಭೇಟಿಗೆ ಹೋದಾಗ ಮತ್ತೆ ಕಾಲು ತೊಳೆದರು. ಈ ಸಲ ಪಂಪಾಪತಿ ತಡಮಾಡದೆ ಫೋನು ತೆಗೆದ. “ಒಂದು ವ್ಯವಹಾರದ ಮಾತಿತ್ರಿ” ಎಂದ. ವಿರೂಪಣ್ಣನವರು ಎರಡೂ ಕಿವಿ ಮುಚ್ಚಿಕೊಂಡರು.

“ಬ್ಯಾಡ್ರಿ ಸ್ವಾಮಿ. ವ್ರತದಾಗ ಇದ್ದೋರ ಮುಂದ ನಾನು ರೊಕ್ಕದ ಮಾತು ಆಡಂಗಿಲ್ಲ. ನಮ್ಮಪ್ಪನ ಕಾಲದಿಂದ ನಡಕೊಂಡು ಬಂದದ್ದು. ಎಲ್ಲಾ ಮುಗೀಲಿ, ಸಂಕ್ರಾಂತಿ ಆದ ಮ್ಯಾಲ ನೋಡೂಣು.”

ಪಂಪಾಪತಿ ಗೊಂದಲಕ್ಕೆ ಬಿದ್ದ. ನಾಲ್ಕಕ್ಕೆ ಏಳುವ ವ್ರತ ಇವರಿಗೆ ಹೇಗೆ ಗೊತ್ತಾಯಿತು? ಸಂಕ್ರಾಂತಿಗೆ ಮಾವ ಬೋರ್ಡು ಕೀಳಿಸುತ್ತಾನೆ, ಸಂಕ್ರಾಂತಿಯಾದ ಮೇಲೆ ಇವರು ನೋಡುತ್ತಾರೆ. ಸಂಬಂಧ ಇಷ್ಟು ಚೆನ್ನಾಗಿ ಬೆಳೆದು ವ್ಯಾಪಾರವೇ ನಿಂತುಹೋಯಿತಲ್ಲ ಎಂದು ಬಸ್ಸಿನ ಕಿಟಕಿಗೆ ತಲೆಯಿಟ್ಟು ಕೂತ.

ಮನೆಗೆ ಬಂದರೆ ಅಲ್ಲಿ ಬೇರೆಯೇ ಕಥೆ. ಓಣಿಯ ಬಂಡೆಮ್ಮ ಅರಿಶಿನ ಕುಂಕುಮ ತಂದು ಶಿವಗಂಗಾಳಿಗೆ ಕೊಟ್ಟು, “ನಿನ್ನ ಗಂಡಂದು ದೊಡ್ಡ ಮನಸು ಬಿಡವ್ವ” ಎಂದು ಹೇಳಿ ಹೋಗಿದ್ದಳು. ಶಿವಗಂಗಾ ಕೊಟ್ರೇಶಪ್ಪನ ಮಗಳು. ಸಿಟ್ಟು ಅಪ್ಪನ ಮನೆಯಿಂದಲೇ ತಂದಿದ್ದಳು.

“ಇಡೀ ಓಣಿಗೆ ಗೊತ್ತದ, ನನಗ ಗೊತ್ತಿಲ್ಲ. ಕಟಗೊಂಡ ಹೆಂಡ್ತಿಗೆ ಒಂದು ಮಾತು ಹೇಳಬೇಕು ಅನಸಲಿಲ್ಲೇನ್ರಿ? ನಾನು ಏನೋ ಕರಿ ಅಂಗಿ ಅಗ್ಗಕ್ಕ ಸಿಕ್ಕಿರಬೇಕು ಅಂತ ಸುಮ್ಮನಿದ್ದೆ.”

ಶಿಬಿರದ ಫೀಸು ಹೊರಬಿತ್ತೆಂದು ಪಂಪಾಪತಿ ತಿಳಿದ. “ಹೇಳಿದ್ರ ನೀ ಬ್ಯಾಡ ಅಂತಿದ್ದಿ” ಎಂದ.

“ಇಂಥಾದ್ದಕ್ಕ ನಾ ಯಾಕ ಬ್ಯಾಡಂತೀನಿ? ಮಡಿಲೆ ಅಡಿಗಿ ಮಾಡ್ತೀನಿ, ಬ್ಯಾರೆ ಹಾಸ್ತೀನಿ. ಎಷ್ಟು ದಿನ ಅಂತ ಹೇಳ್ರಿ ಸಾಕು.”

ಹೆಂಡತಿಯ ಈ 'ಬೇರೆ ಹಾಸಿಗೆ' ಅವನಿಗೆ ಅರ್ಥವಾಗಲಿಲ್ಲ, ನಾಲ್ಕಕ್ಕೆ ಏಳುವವನ ಜೊತೆ ಅವಳ ನಿದ್ದೆ ಕೆಡುತ್ತದೆಯೇನೋ ಎಂದುಕೊಂಡ. ಆದರೆ ಅವಳ ಸಹಕಾರಕ್ಕೆ ಕಣ್ಣು ತುಂಬಿ ಬಂತು.

“ದಿನದ ಲೆಕ್ಕ ಇಲ್ಲ ಶಿವಗಂಗಾ. ಇನ್ನ ಜೀವನಪೂರ್ತಿ ಹಿಂಗ.”

ಅವಳ ಕೈಯಿಂದ ಸೌಟು ಜಾರಿತು. “ಜೀವನಪೂರ್ತಿ?”

“ದೊಡ್ಡೋರಾದವ್ರೆಲ್ಲ ಹಂಗ ಮಾಡ್ಯಾರ.”

ಶಿವಗಂಗಾ ಒಳಗೆ ಹೋಗಿ ದೇವದುರ್ಗಕ್ಕೆ ಫೋನು ಹಚ್ಚಿ ಅತ್ತಳು. ಅಳಿಯ ಸಂಸಾರ ಬಿಟ್ಟು ಸನ್ಯಾಸಿಯಾಗುತ್ತಾನೆಂದು ಕೇಳಿ ಕೊಟ್ರೇಶಪ್ಪ ಅರ್ಧ ತೂಗಿದ ಗೊಬ್ಬರ ತಕ್ಕಡಿಯಲ್ಲೇ ಬಿಟ್ಟು ಎದ್ದ.

ಮರುದಿನ ಬೆಳಿಗ್ಗೆ ಅವನ ಜೀಪು ರಾಯಚೂರಿಗೆ ಬಂತು. ಜೊತೆಗೆ ದೇವದುರ್ಗದ ಮಾರೆಪ್ಪ ಗುರುಸ್ವಾಮಿಯನ್ನೂ ಕರೆತಂದಿದ್ದ. ಮಾರೆಪ್ಪ ಗೋಡೆ ಕಟ್ಟುವ ಗೌಂಡಿ ಕೆಲಸದವನು, ಎಷ್ಟೋ ವರ್ಷದಿಂದ ಬೆಟ್ಟಕ್ಕೆ ಹೋಗಿ ಬಂದವನು. ಸುತ್ತಿನ ಊರಿನವರೆಲ್ಲ ಅವನ ಕೈಯಿಂದಲೇ ಮಾಲೆ ಹಾಕಿಸಿಕೊಳ್ಳುತ್ತಿದ್ದರು. ಒಳಗೆ ಬಂದವನೇ ಕೊಟ್ರೇಶಪ್ಪ ಅಳಿಯನ ಕಾಲಿಗೆ ಅಡ್ಡಬಿದ್ದ.

“ತಪ್ಪಾತ್ರಿ ಸ್ವಾಮಿ. ಗೊಬ್ಬರದ ಅಂಗಡ್ಯಾಗ ಕುಂದ್ರು ಅಂದದ್ದಕ್ಕ ಇಷ್ಟು ಸಿಟ್ಟು ಮಾಡಬಾರದು.”

ಮಾವ ಕಾಲಿಗೆ ಬಿದ್ದದ್ದನ್ನು ಕಂಡು ಪಂಪಾಪತಿಗೆ ಮೊದಲ ಸಲ ಭಯವಾಯಿತು. ವ್ಯಕ್ತಿತ್ವ ಎಷ್ಟೇ ವಿಕಸನವಾದರೂ ಇಲ್ಲಿಯ ತನಕ ಆಗಲಾರದು. ಎಲ್ಲೋ ಏನೋ ತಪ್ಪಿದೆ.

ಮಾರೆಪ್ಪ ಸಮಾಧಾನದಿಂದ ಮಾತಾಡಿದ. “ನೋಡ್ರಿ ಸ್ವಾಮಿ, ಅಯ್ಯಪ್ಪನ ಮಾಲಿ ಹಾಕ್ಕೊಂಡ ಮ್ಯಾಲ ಬೆಟ್ಟ ಹತ್ತಿ ಬಂದು ತಗೀಬೇಕು. ಜೀವನಪೂರ್ತಿ ಇಟಗೊಂಡವ್ರು ಯಾರೂ ಇಲ್ಲ. ಹೆಂಡ್ರು ಮಕ್ಕಳನ್ನ ಬಿಡು ಅಂತ ಅವ ಹೇಳಿಲ್ಲ.”

“ಯಾವ ಮಾಲಿ?” ಎಂದ ಪಂಪಾಪತಿ.

ಎದುರಿನ ಗೋಡೆಯ ಮೇಲೆ ಕನ್ನಡಿಯಿತ್ತು. ಪಂಪಾಪತಿ ಅದರಲ್ಲಿ ಕಪ್ಪು ಅಂಗಿ, ಕಪ್ಪು ಲುಂಗಿ, ಗಡ್ಡ, ಕೊರಳ ರುದ್ರಾಕ್ಷಿ ಎಲ್ಲವನ್ನೂ ಒಟ್ಟಿಗೆ ನೋಡಿದ. ಅಲ್ತಾಫನ ಸ್ಟೀಲು ಲೋಟ, ಬಸ್ಸಿನ ಸೀಟು, ಸಾಹುಕಾರರ ತಾಮ್ರದ ತಂಬಿಗೆ ಒಂದೊಂದಾಗಿ ಕಣ್ಣ ಮುಂದೆ ಬಂದವು. ಜಗತ್ತು ಬಾಗಿದ್ದು ತನಗಲ್ಲ. ಅವನಿಗೆ ನಾಚಿಕೆಯೂ ಆಯಿತು, ದುಃಖವೂ ಆಯಿತು.

“ಮಾವಾ, ನಾ ಮಾಲಿ ಹಾಕಿಲ್ರಿ” ಎಂದ, ತೊದಲುತ್ತ.

ಮಾರೆಪ್ಪ ಮೆಚ್ಚಿ ತಲೆಯಾಡಿಸಿದ. “ಖರೇ ಮಾತು. ಹಾಕ್ಕೊಳ್ಳಾಕ ನಾವು ಯಾರು? ಅವ ಹಾಕಸ್ತಾನ.”

“ಹಂಗಲ್ರಿ, ನಾ ಬೆಟ್ಟಕ್ಕ ಹೊಂಟೇ ಇಲ್ಲ.”

“ಹೋಗೋರು ನಾವಲ್ಲ ಸ್ವಾಮಿ. ಕರಕೊಂಡು ಹೋಗಾವ ಅವ.”

“ನಾನು ಬರೇ ಆಪ್ ಮಾರಾಕಂತ ಕರಿ ಅಂಗಿ ಹಾಕ್ಕೊಂಡೀನ್ರಿ.”

“ನಾನೇನೂ ಅಲ್ಲ, ನಂದೇನೂ ಇಲ್ಲ ಅನ್ನಾಕತ್ಯಾರ ನೋಡ್ರಿ ಸಾವ್ಕಾರ್ರ” ಎಂದು ಮಾರೆಪ್ಪ ಕೊಟ್ರೇಶಪ್ಪನ ಕಡೆ ತಿರುಗಿದ. “ನಮಗ ಇಷ್ಟು ವರ್ಷಕ್ಕ ಈ ಭಾವ ಬಂದಿಲ್ಲ.”

ಕೊಟ್ರೇಶಪ್ಪ ಇನ್ನೊಮ್ಮೆ ಅಡ್ಡಬಿದ್ದ. ಏಳುತ್ತ ಇನ್ನೊಂದು ಸುದ್ದಿ ಹೇಳಿದ. ಮಾನ್ವಿಯ ವಿರೂಪಣ್ಣನವರು ಈ ಸ್ವಾಮಿಯನ್ನು ಮೆಚ್ಚಿ ಮಿಲ್ಲಿನಲ್ಲೇ ಅಯ್ಯಪ್ಪನ ಹದಿನೆಂಟು ಮೆಟ್ಟಿಲಿನ ಪಡಿಪೂಜೆ ಇಟ್ಟುಕೊಂಡಿದ್ದಾರೆ, ಪೂಜೆ ನಡೆಸಲು ಮಾರೆಪ್ಪನಿಗೇ ಹೇಳಿಕಳಿಸಿದ್ದಾರೆ. ಬರುವ ಆದಿತ್ಯವಾರ ಸುತ್ತಲಿನ ಸ್ವಾಮಿಗಳೆಲ್ಲ ಸೇರುತ್ತಾರೆ. ಬೆಟ್ಟಕ್ಕೆ ಹೋಗುವ ಬಸ್ಸೂ ಅವರದೇ. ಪಂಪಾಪತಿ ಕನ್ನಡಿಗೆ ಬೆನ್ನು ಮಾಡಿ ಕೂತ.

ಇಬ್ಬರೂ ಹೋದ ಮೇಲೆ ಅವನು ಹೆಂಡತಿಗೆ ಶಿಬಿರದಿಂದ ತಂಬಿಗೆಯವರೆಗೆ ಎಲ್ಲ ಹೇಳಿದ. ಶಿವಗಂಗಾ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ಸನ್ಯಾಸವಲ್ಲ ಎಂಬ ಸಂತೋಷಕ್ಕೆ ಮತ್ತಷ್ಟು ನಕ್ಕು, ನಗು ಮುಗಿದ ಮೇಲೆ ಮುಖ ಗಂಟಿಕ್ಕಿದಳು.

“ಸಾವ್ಕಾರ್ರಿಗೆ ಹೇಳಿಬಿಡ್ರಿ.”

“ಹೇಳಿದ್ರ ಗಿರಾಕಿ ಹೋದ. ಸಂಕ್ರಾಂತಿಗೆ ನಿಮ್ಮಪ್ಪನ ಅಂಗಡಿನೇ ಗತಿ.”

“ದೇವರ ಹೆಸರಿಲೆ ಸಿಕ್ಕ ಗಿರಾಕಿ ನಮಗ ಬ್ಯಾಡ್ರಿ. ಗೊಬ್ಬರ ಮಾರಿದ್ರೂ ಮರ್ಯಾದಿಲೆ ಮಾರೂಣು.”

ಆದಿತ್ಯವಾರ ಮಿಲ್ಲಿನ ಅಂಗಳದಲ್ಲಿ ಚಪ್ಪರ ಹಾಕಿತ್ತು. ಕಪ್ಪು ಬಟ್ಟೆಯ ಸ್ವಾಮಿಗಳು ಸಾಲಾಗಿ ಕೂತು ಭಜನೆ ಮಾಡುತ್ತಿದ್ದರು. ಗೇಟಿನ ಹೊರಗೆ ಭತ್ತದ ಟ್ರ್ಯಾಕ್ಟರುಗಳ ಸಾಲು, ಅದರ ಸುತ್ತ ಎಂದಿನ ಬೈಗುಳ. ಒಂದು ಕಡೆ ಶರಣು, ಇನ್ನೊಂದು ಕಡೆ ಅವ್ವ ಅಪ್ಪ. ಎರಡೂ ಒಂದೇ ಮೈಕಿನಲ್ಲಿ ಕೇಳುತ್ತಿದ್ದವು. ವಿರೂಪಣ್ಣನವರು ತಂಬಿಗೆ ಹಿಡಿದು ಬಂದಾಗ ಪಂಪಾಪತಿ ಕಾಲು ಹಿಂದಕ್ಕೆಳೆದುಕೊಂಡ.

“ಒಂದು ನಿಮಿಷ ಕಾಟಾ ಖೋಲಿಗೆ ಬರ್ರಿ ಸಾವ್ಕಾರ್ರ” ಎಂದ. ಕಾಟಾ ಎಂದರೆ ಗಾಡಿ ತೂಗುವ ಜಾಗ. ಅದರ ಖೋಲಿಯಲ್ಲಿ ಬಾಗಿಲು ಹಾಕಿಕೊಂಡು, ಒಂದೇ ಉಸಿರಿಗೆ ಎಲ್ಲ ಹೇಳಿ ಮುಗಿಸಿದ.

ವಿರೂಪಣ್ಣನವರು ಬಗ್ಗಿ ಅವನ ಪಾದಗಳನ್ನು ನೋಡಿದರು.

“ಹಂಗಾರ ನಾ ಎರಡು ಸಲ ತೊಳ್ದದ್ದು ಯಾರ ಕಾಲು?”

“ಹಿರೇಕೊಟ್ನೆಕಲ್ಲಿನ ಪಂಪಾಪತಿ ಕಾಲ್ರಿ.”

“ನೀ ಬಂದದ್ದು ಯಾಕ?” ‘ಸ್ವಾಮಿ’ ಹೋಗಿ ‘ನೀ’ ಬಂದಿತ್ತು.

“ಆಪ್ ಮಾರಾಕ್ರಿ.”

“ಅದನ್ನ ಮೊದಲ ಬೊಗಳಬೇಕಿಲ್ಲೋ?”

“ಗೇಟಿನಾಗ ಬಿಡತಿದ್ದಿಲ್ರಿ. ಬಿಟ್ಟಾಗ, ಮೊದಲನೇ ಭೇಟಿಗೆ ವ್ಯಾಪಾರ ಎತ್ತಬ್ಯಾಡ ಅಂತ ಶಿಬಿರದಾಗ ಹೇಳಿದ್ರು. ಎರಡನೇ ಭೇಟಿಗೆ ನೀವೇ ಕಿವಿ ಮುಚಗೊಂಡ್ರಿ.”

ಹೊರಗೆ ಟ್ರ್ಯಾಕ್ಟರಿಗೆ ಟ್ರ್ಯಾಕ್ಟರು ಗುದ್ದಿದ ಸದ್ದಾಯಿತು. ಇಬ್ಬರು ರೈತರು ಅಂಗಿ ಹಿಡಿದು ಎಳೆದಾಡುತ್ತಿರುವುದು ಕಿಟಕಿಯಲ್ಲಿ ಕಂಡಿತು. ವಿರೂಪಣ್ಣನವರು ಅದನ್ನೂ ನೋಡಿದರು, ಪಂಪಾಪತಿಯನ್ನೂ ನೋಡಿದರು, ಎದ್ದು ಬಾಗಿಲಿನ ಅಗಳಿ ಭದ್ರಪಡಿಸಿದರು.

“ಮಾಲಿ ಹಾಕಿಲ್ಲ ಅಂತಿ.”

“ಇಲ್ರಿ.”

“ಹಂಗಾರ ರೊಕ್ಕದ ಮಾತಾಡಾಕ ಏನಡ್ಡಿ? ತಗಿ ಫೋನು.”

ಆಮೇಲೆ ನಡೆದ ಚೌಕಾಶಿಯನ್ನು ವರ್ಣಿಸುವುದು ಕಷ್ಟ. ಸ್ವಾಮಿಗಿದ್ದ ಮರ್ಯಾದೆ ಆಪ್ ಮಾರುವವನಿಗೆ ಇರಲಿಲ್ಲ. ಸಾಹುಕಾರರು ಒಂದೊಂದು ಗುಂಡಿ ಒತ್ತಿ ನೋಡಿದರು, ಹೇಳಿದ ರೇಟಿಗೆ ನಕ್ಕರು, ಅರ್ಧಕ್ಕಿಳಿಸಿದರು, ಅದರಲ್ಲೂ ಕಳೆದರು. ಚಪ್ಪರದಿಂದ “ಪೂಜಿಗೆ ಹೊತ್ತಾತ್ರಿ” ಎಂದು ಕೂಗಿದರೆ “ಬಂದ್ವಿ” ಎಂದು ಉತ್ತರ ಕೊಟ್ಟು ಇನ್ನಷ್ಟು ಇಳಿಸಿದರು. ಕೊನೆಗೆ ಪಂಪಾಪತಿ, “ಇಷ್ಟಕ್ಕಿಂತ ಕಡಿಮಿ ಆಗಂಗಿಲ್ರಿ, ಬ್ಯಾಡಂದ್ರ ಬಿಡ್ರಿ” ಎಂದು ಎದ್ದೇಬಿಟ್ಟ. ಹಾಗೆ ಎದ್ದದ್ದು ತಾನೇ ಎಂದು ಅವನಿಗೆ ನಂಬಿಕೆಯಾಗಲಿಲ್ಲ. ಸಾಹುಕಾರರು ಕೈ ಹಿಡಿದು ಕೂರಿಸಿ, “ಆತು ತಗೋ. ನಾಳಿಗೇ ಶುರು ಮಾಡು” ಎಂದರು.

“ಇನ್ನೊಂದು ಮಾತು” ಎಂದು ದನಿ ತಗ್ಗಿಸಿದರು. “ಇಡೀ ಮಾನ್ವಿ ಮುಂದ ನಿನ್ನ ಕಾಲು ತೊಳ್ದೀನಿ. ನನ್ನ ಮಾನ ನಿನ್ನ ಕೊಳ್ಳಾಗ ಅದ. ಖರೇ ಮಾಲಿ ಹಾಕ್ಕೋ, ಬೆಟ್ಟಕ್ಕ ಹೋಗಿ ಬಾ.”

ಪಂಪಾಪತಿಗೂ ಅದೇ ಬೇಕಾಗಿತ್ತು. ದೇವರ ಮರ್ಯಾದೆಯನ್ನು ಇಷ್ಟು ದಿನ ಪುಕ್ಕಟೆ ಉಂಡಿದ್ದೇನೆಂಬ ಅಳುಕು ಅವನನ್ನು ತಿನ್ನುತ್ತಿತ್ತು. ಮಾರೆಪ್ಪನನ್ನು ಖೋಲಿಗೆ ಕರೆದು ನಡೆದದ್ದನ್ನು ಹೇಳಿದರು. ಈಗಲಾದರೂ ಬೈಯುತ್ತಾನೆಂದು ಪಂಪಾಪತಿ ತಲೆ ತಗ್ಗಿಸಿದ.

“ನಾಕಕ್ಕ ಎದ್ದೀರಿ, ತಣ್ಣೀರು ಹಾಕ್ಕೊಂಡೀರಿ, ಬರಿಗಾಲಿಲೆ ಅಡ್ಡಾಡೀರಿ” ಎಂದ ಮಾರೆಪ್ಪ. “ವ್ರತ ಮುಂದ ಬಂದುಬಿಟ್ಟದ, ಮಾಲಿ ಹಿಂದುಳದದ. ಬರ್ರಿ.”

ತುಳಸಿ ಮಾಲೆ ಪಂಪಾಪತಿಯ ತಲೆ ದಾಟಿ ಕೊರಳಿಗೆ ಬಿದ್ದೊಡನೆ ವಿರೂಪಣ್ಣನವರು ತಂಬಿಗೆ ಎತ್ತಿಕೊಂಡು, “ಕಾಲು ಮುಂದ ಮಾಡ್ರಿ ಸ್ವಾಮಿ” ಎಂದರು. ಈಗಷ್ಟೇ ಬೊಗಳು ಎಂದವರು. ಪಂಪಾಪತಿ ಯಾವುದು ನಿಜ, ಯಾವುದು ವ್ಯವಹಾರ ಎಂದು ತಿಳಿಯದೆ ಕಾಲು ಚಾಚಿದ.

ಮರುದಿನದಿಂದ ಅವನು ಕಪ್ಪು ಬಟ್ಟೆಯಲ್ಲೇ ಕಾಟಾ ಖೋಲಿಯಲ್ಲಿ ಕೂತು ಆಪ್ ನಡೆಸಿದ. ಕೆಲಸಕ್ಕೆ ವ್ರತದ ಅಡ್ಡಿಯಿರಲಿಲ್ಲ, ರೊಕ್ಕದ ಮಾತಿಗೆ ಮಾತ್ರ ಇತ್ತು. ಇದರಿಂದ ಸಾಹುಕಾರರಿಗೆ ನಷ್ಟವೇನೂ ಆಗಲಿಲ್ಲ. ಮೊದಮೊದಲು ರೈತರು ಫೋನು ನೋಡಿಕೊಂಡೂ ಜಗಳಕ್ಕೇ ಬಂದರು. ಆಮೇಲೆ ಸ್ವಾಮಿ ಕೊಟ್ಟ ಪಾಳಿ ತಪ್ಪಿಸಿದರೆ ಪಾಪ ಬರುತ್ತದೆಂದು ಸುದ್ದಿ ಹಬ್ಬಿ, ಗಾಡಿಗಳು ಹೊತ್ತಿಗೆ ಸರಿಯಾಗಿ ಬಂದು ಹೋಗತೊಡಗಿದವು. ಕಾವಲುಗಾರನಿಗೆ ಕೆಲಸವಿಲ್ಲದೆ ತೂಕಡಿಕೆ ಹತ್ತಿತು.

ಬೆಟ್ಟಕ್ಕೆ ಹೊರಡುವ ದಿನ ಮಿಲ್ಲಿನ ಮುಂದೆ ಬಸ್ಸು ನಿಂತಿತ್ತು. ತಲೆಯ ಮೇಲೆ ಇರುಮುಡಿಯ ಗಂಟು ಹೊತ್ತು ಪಂಪಾಪತಿ ಹತ್ತಲು ಹೋದಾಗ ಕೊಟ್ರೇಶಪ್ಪ ಜನರನ್ನು ಸರಿಸಿಕೊಂಡು ಬಂದ. ಪಕ್ಕದಲ್ಲಿ ಶಿವಗಂಗಾ ಇದ್ದಳು.

“ಸ್ವಾಮಿ, ಒಂದು ಮಾತಿತ್ತು” ಎಂದ ಮಾವ. ವ್ರತದಲ್ಲಿ ವ್ಯವಹಾರ ಬೇಡವೆಂಬುದು ವಿರೂಪಣ್ಣನವರ ಮನೆತನದ ನಿಯಮ, ಕೊಟ್ರೇಶಪ್ಪನ ಮನೆತನದ್ದಲ್ಲ. “ಯೂರಿಯಾ ಲೋಡು ಬಂದ ದಿನ ನಮ್ಮ ಅಂಗಡಿ ಮುಂದಿನ ಸಾಲು ಬಸ್ ಸ್ಟ್ಯಾಂಡು ದಾಟ್ತದ. ಮೊನ್ನಿ ಶಟರ್ ಮುರದ್ರು. ನಿಮ್ಮ ಆ ‘ಪಾಳಿ’ ಚಲೋ ಅದಂತ ಮಾನ್ವಿ ತುಂಬ ಮಾತಾಡಾಕತ್ಯಾರ. ಬಂದ ಮ್ಯಾಲ ನಮಗೂ ಹಾಕಿಕೊಡ್ರಿ. ಮನಿ ಅಳಿಯ ಅಂದ ಮ್ಯಾಲ ನಮಗೇನು, ಪುಕ್ಕಟೆ ಅಲ್ಲೇನು?”

ಶಿವಗಂಗಾ ಗಂಡನ ಮುಖ ನೋಡಿದಳು. ಪಂಪಾಪತಿ ಇರುಮುಡಿಯನ್ನು ಎರಡೂ ಕೈಯಿಂದ ಹಿಡಿದುಕೊಂಡು ನಿಂತಿದ್ದ.

“ಪುಕ್ಕಟೆ ಆಗಂಗಿಲ್ರಿ ಮಾವಾ. ಸಾವ್ಕಾರ್ರು ಕೊಟ್ಟಷ್ಟ ನೀವೂ ಕೊಡ್ರಿ.”

ಕೊಟ್ರೇಶಪ್ಪನ ಮುಖ ಕೆಂಪಾಯಿತು. ಏನೋ ಹೇಳಲು ಬಾಯಿ ತೆರೆದ. ಅಳಿಯನ ಕೊರಳ ಮಾಲೆ ಕಂಡಿತು, ಬಾಯಿ ಮುಚ್ಚಿದ. ಮತ್ತೆ ಅಳಿಯನ ಮುಖ ನೋಡಿದ. ಅಳಿಯ ನೆಲ ನೋಡುತ್ತಿರಲಿಲ್ಲ.

“ಆತ್ರಿ” ಎಂದು ಮಾವ ಕೈ ಮುಗಿದ. ಮುಗಿದದ್ದು ಮಾಲೆಗೋ ಅಳಿಯನಿಗೋ ಎಂದು, ಅಪ್ಪನ ಜೀಪಿನಲ್ಲಿ ತವರಿಗೆ ಹೊರಟ ಶಿವಗಂಗಾ ದಾರಿಯುದ್ದಕ್ಕೂ ಕೇಳಿದಳು. ದೇವದುರ್ಗ ಮುಟ್ಟುವವರೆಗೂ ಕೊಟ್ರೇಶಪ್ಪನಿಗೆ ಅದರ ಉತ್ತರ ಹೊಳೆಯಲಿಲ್ಲ.